ತ್ರೀ ನಾಟ್ ತ್ರೀ ಹಿಡಿದ ಮಗಳಿಗೆ

ಮಲ್ಪೆ,
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಬೆಳಿಗ್ಗೆ ನೀನು ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲಿಲ್ಲ. ಪೊಲೀಸ್ ತರಬೇತಿ ಶಾಲೆಯಲ್ಲಿ ಮೊದಲ ಸಲ ಫೈರಿಂಗ್ ಆಯಿತು, ಕೈಗೆ ಬಂದದ್ದು ಹಳೆಯ ತ್ರೀ ನಾಟ್ ತ್ರೀ ರೈಫಲ್, ಐದರಲ್ಲಿ ಮೂರು ಗುಂಡು ಟಾರ್ಗೆಟ್ಟಿಗೇ ತಾಗಲಿಲ್ಲ ಎನ್ನುವಷ್ಟು ತಿಳಿಯಿತು. ಉಳಿದದ್ದನ್ನು ಅಮ್ಮ ಆಮೇಲೆ ನನ್ನ ಬಲಗಿವಿಯ ಹತ್ತಿರ ಬಂದು ಹೇಳಿದಳು. ತೋಳು ನೀಲಿಗಟ್ಟಿದೆಯಂತೆ. ನೀನು ಅಳುತ್ತಿದ್ದೆಯಂತೆ. ನನಗೆ ಅದೂ ಕೇಳಿಸಿರಲಿಲ್ಲ. ಅದಕ್ಕೇ ಬರೆಯಲು ಕುಳಿತೆ.

ನೀಲಿಗಟ್ಟಿದ್ದು ತೋಳಿನ ಮೂಳೆಯ ಮೇಲೆ ಎಂದಾದರೆ ಬಟ್, ಅಂದರೆ ರೈಫಲಿನ ಹಿಂದಿನ ಮರದ ಭಾಗ, ಇಟ್ಟ ಜಾಗವೇ ತಪ್ಪು. ಕೊರಳೆಲುಬಿನ ಕೆಳಗೆ, ಎದೆ ಮತ್ತು ಭುಜ ಕೂಡುವಲ್ಲಿ ಒಂದು ಗುಳಿ ಇದೆಯಲ್ಲ, ಅದು ಅಲ್ಲಿ ಕೂರಬೇಕು. ಆ ಬಟ್ಟಿನ ತುದಿಗೆ ರಬ್ಬರಿಲ್ಲ, ಇರುವುದು ಹಿತ್ತಾಳೆಯ ತಟ್ಟೆ. 11 ಗ್ರಾಮಿನ ಗುಂಡು ಸೆಕೆಂಡಿಗೆ 740 ಮೀಟರ್ ವೇಗದಲ್ಲಿ ಮುಂದೆ ಹೋಗುವಾಗ ಸುಮಾರು 4 ಕಿಲೋದ ರೈಫಲ್ ಹಿಂದೆ ಬರಲೇಬೇಕು. ಹೆದರಿ ಸಡಿಲ ಹಿಡಿದರೆ ಅದು ಓಡಿಬಂದು ಗುದ್ದುತ್ತದೆ. ಎಳೆದು ಒತ್ತಿ ಹಿಡಿದರೆ ನಿನ್ನನ್ನೂ ಸೇರಿಸಿಕೊಂಡು ತಳ್ಳುತ್ತದೆ, ಅಷ್ಟೇ.

1991ರಲ್ಲಿ ನಾನು ಮಂಗಳೂರಿನಲ್ಲಿ ಸಶಸ್ತ್ರ ಮೀಸಲು ಪಡೆಗೆ ಸೇರಿದಾಗ ಉಡುಪಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೊದಲ ದಿನ ಐದು ಗುಂಡುಗಳನ್ನೂ ಕಣ್ಣು ಮುಚ್ಚಿಯೇ ಹಾರಿಸಿದೆ; ಟಾರ್ಗೆಟ್ಟಿನಲ್ಲಿ ಒಂದು ತೂತೂ ಇರಲಿಲ್ಲ. ಕಲಿಸುತ್ತಿದ್ದ ಹವಾಲ್ದಾರರು ಬೈಯಲಿಲ್ಲ. ಮರುದಿನ ಖಾಲಿ ರೈಫಲ್ ಕೊಟ್ಟು, ನಳಿಗೆಯ ತುದಿಯ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆ ಎಂದರು. ಸಂಜೆಯವರೆಗೆ ಅದೇ ಕೆಲಸ. ಆ ಟ್ರಿಗರಿಗೆ ಎರಡು ಎಳೆತ. ಮೊದಲನೆಯದು ಹಗುರ, ಒಂದೆಡೆ ಬೆರಳಿಗೆ ತಡೆ ಸಿಗುತ್ತದೆ. ಅಲ್ಲಿ ನಿಲ್ಲಿಸಿ, ಉಸಿರನ್ನು ಅರ್ಧ ಬಿಟ್ಟು ತಡೆದು, ಮೆಲ್ಲಗೆ ಒತ್ತುತ್ತ ಹೋಗು. ಸದ್ದು ಯಾವ ಗಳಿಗೆಗೆ ಬರುತ್ತದೆಂದು ನಿನಗೂ ಮೊದಲೇ ತಿಳಿದಿರಬಾರದು. ತಿಳಿದರೆ ಕಣ್ಣು ಮುಚ್ಚುತ್ತದೆ, ಭುಜ ಬೆದರುತ್ತದೆ, ಗುಂಡು ಮಣ್ಣಿಗೆ ಹೋಗುತ್ತದೆ. ನಿನ್ನ ಮೂರು ಗುಂಡುಗಳೂ ಹೀಗೇ ಹೋಗಿವೆ ಎಂದು ನನ್ನ ಅಂದಾಜು.

ರೌಂಡ್ ಸಿಕ್ಕಿಕೊಂಡಿತು ಎಂದೆಯಂತೆ. ಆ ತೋಟೆಯ ಬುಡಕ್ಕೆ ಅಂಚು ಇದೆ. ತೋಟೆ ತುಂಬುವ ಪೆಟ್ಟಿಗೆಯಲ್ಲಿ, ಅದೇ ಮ್ಯಾಗಜೀನಿನಲ್ಲಿ, ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ತುಂಬುವಾಗಲೇ ನೋಡಿಕೋ. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ಮಾತ್ರ ಅವಸರದಿಂದ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಅಗುಳಿ, ತೆರೆಯಬೇಡ. ನಳಿಗೆಯನ್ನು ಟಾರ್ಗೆಟ್ಟಿನ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಬೇಕು. ಆಮೇಲೆ ಕಲಿಸುವ ಉಸ್ತಾದರು ಹೇಳಿದಂತೆ ಮಾಡು.

ಜೊತೆಯವರು ಅದನ್ನು ಗುಜರಿ ಎಂದು ನಕ್ಕರಂತೆ. ನನಗೆ ಬೇಸರವಾಯಿತು. ಅದರ ಮಾದರಿ 1907ರದು. ಎರಡು ಮಹಾಯುದ್ಧ ಕಂಡಿದೆ. ಅಜ್ಜನ ಮನೆಯ ಕೋವಿ ನಿನಗೆ ನೆನಪಿರಬಹುದು, ಹಂದಿಯಿಂದ ಗದ್ದೆ ಕಾಯಲು ಇಟ್ಟದ್ದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುತ್ತಿದ್ದದ್ದು. ಅದರ ನಳಿಗೆಯ ಒಳಗು ನುಣುಪು. ನಿನ್ನ ರೈಫಲಿನ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡು: ಎಡಕ್ಕೆ ತಿರುಗುವ ಐದು ಗೀರುಗಳು. ಗುಂಡು ತಿರುಗುತ್ತ ನೇರ ಹೋಗುವುದು ಅವುಗಳಿಂದಲೇ. ಬೋಲ್ಟಿನ ಹಿಡಿ ಟ್ರಿಗರಿನ ಹತ್ತಿರವೇ ಇರುವುದರಿಂದ ಬಟ್ಟನ್ನು ಭುಜದಿಂದ ಇಳಿಸದೆ ಮತ್ತೆ ಗುಂಡು ಏರಿಸಬಹುದು. ಮೊದಲ ಮಹಾಯುದ್ಧಕ್ಕೂ ಮುಂಚೆ ಬ್ರಿಟಿಷ್ ಸಿಪಾಯಿಗಳಿಗೆ 300 ಗಜ ದೂರಕ್ಕೆ ನಿಮಿಷಕ್ಕೆ 15 ಗುಂಡು, ಗುರಿಯಿಟ್ಟು ಹಾರಿಸುವ ಅಭ್ಯಾಸ ಮಾಡಿಸುತ್ತಿದ್ದರು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕಾದ ರೈಫಲಿನಲ್ಲಿ!

ಫೈರಿಂಗ್ ಮುಗಿದ ಸಂಜೆಯೇ ಅದನ್ನು ತೊಳೆ. ಹಳೆಯ ತೋಟೆಗಳ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನಲ್ಲಿರುವ ಮದ್ದು ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ. ಅದು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಇದು ತಿಳಿಯದೆ ಒಂದು ಮೇ ತಿಂಗಳ ಕೊನೆಯಲ್ಲಿ ನಾನು ಎಣ್ಣೆ ಮಾತ್ರ ಹಚ್ಚಿ ಇಟ್ಟೆ. ಆ ರಾತ್ರಿಯೇ ಮಳೆ ಹಿಡಿಯಿತು. ಮೂರನೆಯ ದಿನ ನೋಡಿದರೆ ನಳಿಗೆಯ ಒಳಗೆಲ್ಲ ಕೆಂಪು. ನಮ್ಮ ಕರಾವಳಿಯ ಗಾಳಿಯಲ್ಲಿ ಅಡುಗೆಮನೆಯ ಉಪ್ಪೇ ನೀರಾಗುತ್ತದೆ, ಇನ್ನು ನಳಿಗೆಯೊಳಗಿನದ್ದು ಸುಮ್ಮನಿರುತ್ತದೆಯೇ? ಅಂದಿನಿಂದ ನಾನು ಹಂಡೆಯ ಕುದಿನೀರು ಮೂರು ಲೀಟರ್ ತಂದು, ಬೋಲ್ಟ್ ತೆಗೆದು, ಹಿಂದಿನಿಂದ ಸುರಿಯುತ್ತಿದ್ದೆ. ನೀರಿನ ಬಿಸಿಗೆ ಉಕ್ಕು ತಾನೇ ಒಣಗುತ್ತದೆ. ಆಮೇಲೆ ನಳಿಗೆಯೊಳಗೆ ಚಿಂದಿ ಎಳೆಯುವ ಹಗ್ಗ ಪುಲ್‌ಥ್ರೂನಲ್ಲಿ ಒಣ ಚಿಂದಿ, ಕೊನೆಗೆ ಎಣ್ಣೆಯ ಚಿಂದಿ. ಹಗ್ಗವನ್ನು ನಳಿಗೆಯ ಬಾಯಿಗೆ ಉಜ್ಜದಂತೆ ನೇರ ಎಳೆ. ತೆಗೆದ ಬೋಲ್ಟನ್ನು ಪಕ್ಕದವರದರೊಂದಿಗೆ ಬೆರೆಸಬೇಡ. ಅದರ ಮೇಲಿನ ನಂಬರ್ ರೈಫಲಿನ ನಂಬರೇ ಆಗಿರಬೇಕು.

ಇನ್ನು ಕಿವಿ. ನಮಗೆ ಕೊಡುತ್ತಿದ್ದದ್ದು ಹತ್ತಿ. ಅದನ್ನೂ ನಾನು ಎಷ್ಟೋ ಸಲ ಇಟ್ಟುಕೊಳ್ಳಲಿಲ್ಲ, ಆಜ್ಞೆ ಕೇಳಿಸದಿದ್ದರೆ ಎಂಬ ಹೆದರಿಕೆ. ಬಲಭುಜಕ್ಕೆ ರೈಫಲ್ ಇಡುವವರ ಎಡಗಿವಿ ನಳಿಗೆಯ ಬಾಯಿಯ ಕಡೆಗಿರುತ್ತದೆ. ನನಗೂ ಹೋದದ್ದು ಅದೇ. ರಾತ್ರಿ ಮಲಗಿದರೆ ಸಮುದ್ರದ ಸದ್ದಿಗಿಂತ ಜೋರಾಗಿ ಒಳಗೊಂದು ಸಿಳ್ಳೆ. ನಿನ್ನ ಮದುವೆಯಲ್ಲಿ ಮಂತ್ರ ಕೇಳದಿದ್ದರೂ ಸಹಿಸಿಕೊಂಡೇನು. ನೀನು ಅಳುವುದು ಕೇಳಲಿಲ್ಲವಲ್ಲ, ಅದನ್ನು ಹೇಗೆ ಸಹಿಸಲಿ?

ನಾಳೆ ಪಾರ್ಸೆಲ್ ಕಳುಹಿಸುತ್ತೇನೆ. ಹಲಸಿನ ಹಪ್ಪಳದ ಜೊತೆ ಕಿವಿ ಮುಚ್ಚುವ ಇಯರ್ ಮಫ್ ಇದೆ. ಉಸ್ತಾದರಿಗೆ ಮೊದಲೇ ತೋರಿಸಿ ಹಾಕಿಕೋ. ಬೇರೆ ಯಾರೂ ಹಾಕದಿದ್ದರೂ ಹಾಕಿಕೋ.

ಇನ್ನೊಂದು. ಬೋಲ್ಟಿನ ಹಿಡಿಯ ಹತ್ತಿರ, ಬಲಬದಿಯ ಕಬ್ಬಿಣದ ಮೇಲೆ ಮುದ್ರೆ ಮತ್ತು ಇಸವಿ ಇರುತ್ತದೆ. ನನ್ನದರಲ್ಲಿ ಕಿರೀಟ, ಕೆಳಗೆ ಬ್ರಿಟಿಷ್ ದೊರೆ ಜಾರ್ಜನ ಗುರುತು ಜಿ.ಆರ್.ಐ., ಅದನ್ನು ಮಾಡಿದ ಬಂಗಾಳದ ಕಾರ್ಖಾನೆಯ ಹೆಸರು ಇಷಾಪುರ, 1943. ನಿನ್ನದರಲ್ಲಿ ಏನಿದೆ ನೋಡು. ಫೋನ್ ಬೇಡ, ಬರೆದೇ ಕಳುಹಿಸು.

ನಿನ್ನ
ಅಪ್ಪ