ಗೆಳೆಯನಿಗೊಂದು ಪತ್ರ: ಆ ಪಿಎಸ್‌ಪಿಯನ್ನು ಮಾರಬೇಡ

ಆಲ್ದೂರು
ಆರಿದ್ರಾ ಮಳೆಯ ಒಂದು ಸಂಜೆ

ಪ್ರಿಯ ಗೆಳೆಯ,

ಅಣ್ಣನ ಟ್ರಂಕಿನ ತಳದಲ್ಲಿ ಹಳೆಯ ಪಿಎಸ್‌ಪಿ, ಸೋನಿಯವರ ಆ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ, ಸಿಕ್ಕಿತು ಎಂದು ಬರೆದಿದ್ದೀಯ. ಚಾರ್ಜ್ ಮಾಡಿದರೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ, ಮೊಬೈಲಿನ ಮುಂದೆ ಪರದೆ ಮಂಕು, ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ ಎಂದೂ ಬರೆದಿದ್ದೀಯ. ಕೊಡಬೇಡ. ಇಲ್ಲಿ ಮೂರು ದಿನದಿಂದ ಮಳೆ ಹಿಡಿದಿದೆ, ನಿನ್ನೆ ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿಲ್ಲ, ತೋಟದಲ್ಲಿ ಕೆಲಸವೂ ಇಲ್ಲ. ಹಾಗಾಗಿ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ನೀನೂ ನಿಧಾನವಾಗಿ ಓದು.

ಮೊದಲು ಬ್ಯಾಟರಿ ತೆಗೆ. ಇದೊಂದನ್ನು ಇವತ್ತೇ ಮಾಡು. ಹಿಂಬದಿಯ ಮುಚ್ಚಳ ಬಿಚ್ಚಿ, ಬ್ಯಾಟರಿಯನ್ನು ಮಟ್ಟಸವಾದ ಮೇಜಿನ ಮೇಲೆ ಮಲಗಿಸಿ, ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳು. ಚಪ್ಪಟೆಯಾಗಿದ್ದರೆ ಉಜ್ಜಿಕೊಂಡು ಅಲ್ಲೇ ನಿಲ್ಲುತ್ತದೆ. ಬುಗುರಿಯಂತೆ ತಿರುಗಿದರೆ ಹೊಟ್ಟೆ ಉಬ್ಬಿದೆ. ಹೋದ ಮಳೆಗಾಲದಲ್ಲಿ ನನ್ನದರ ಮುಚ್ಚಳ ಕೂದಲೆಳೆಯಷ್ಟು ಮೇಲೆದ್ದಿತ್ತು. ದಿನವೂ ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದೆ. ಒಂದು ದಿನ ಒತ್ತಿದರೂ ಕೂರಲಿಲ್ಲ. ತೆಗೆದು ನೋಡಿದರೆ ಬ್ಯಾಟರಿ ಹಲಸಿನ ತೊಳೆಯಂತೆ ಊದಿಕೊಂಡಿತ್ತು, ಮೂಗಿನ ಹತ್ತಿರ ಹಿಡಿದರೆ ನೇಲ್ ಪಾಲಿಶ್‌ನಂಥ ಸಿಹಿ ವಾಸನೆ. ಮುಚ್ಚಳದ ಆ ಕೂದಲೆಳೆಯ ಸಂದನ್ನೇ ನಾನು ಎಚ್ಚರಿಕೆ ಎಂದು ತಿಳಿಯಬೇಕಿತ್ತು. ನಿನ್ನದೂ ಉಬ್ಬಿದ್ದರೆ ಒತ್ತಿ ಚಪ್ಪಟೆ ಮಾಡಲು ಹೋಗಬೇಡ, ಚುಚ್ಚಬೇಡ, ಮತ್ತೆ ಚಾರ್ಜಿಗೆ ಹಾಕಬೇಡ, ಕಸದ ಬುಟ್ಟಿಗೂ ಎಸೆಯಬೇಡ. ಒಂದು ಖಾಲಿ ತಗಡಿನ ಡಬ್ಬಿಯಲ್ಲಿಟ್ಟು ಹಾಸನದಲ್ಲಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸು.

ಬ್ಯಾಟರಿ ಸತ್ತಿದ್ದರೂ ಯಂತ್ರ ಸತ್ತಿಲ್ಲ. ಬ್ಯಾಟರಿಯೇ ಇಲ್ಲದೆ ಅಡಾಪ್ಟರ್ ಸಿಕ್ಕಿಸಿದರೂ ಪಿಎಸ್‌ಪಿ ಓಡುತ್ತದೆ. ಹಾಗೆ ಓಡಿಸಿ ಪರದೆ, ಗುಂಡಿ, ಧ್ವನಿ ಎಲ್ಲವೂ ಸರಿ ಇದೆಯೇ ಎಂದು ನೋಡಿಕೊಂಡು ಆಮೇಲೆ ಹೊಸ ಬ್ಯಾಟರಿಗೆ ದುಡ್ಡು ಹಾಕು. ಕೊಳ್ಳುವ ಮೊದಲು ನಿನ್ನದು ಯಾವ ಮಾದರಿ ಎಂದು ತಿಳಿದುಕೊಳ್ಳಬೇಕು. ಮೊದಲು ಬಂದ 1000 ಮಾದರಿ ದಪ್ಪ, ತೂಕ 280 ಗ್ರಾಂ, ಅದರ ಬ್ಯಾಟರಿ ಹಿಡಿಯುವ ಚಾರ್ಜು 1800 ಎಂಎಎಚ್. ಆಮೇಲೆ ಬಂದ 2000 ಮತ್ತು 3000 ತೆಳು, 189 ಗ್ರಾಂ, ಬ್ಯಾಟರಿ 1200. ತೆಳುವಿನ ಮುಚ್ಚಳದೊಳಗೆ ದಪ್ಪ ಬ್ಯಾಟರಿ ಕೂರುವುದಿಲ್ಲ. ಅಷ್ಟೇ ತೆಳುವಾದ ಬ್ಯಾಟರಿಯ ಮೇಲೆ 3600 ಎಂದು ಅಚ್ಚು ಹಾಕಿ ಮಾರುವವರಿದ್ದಾರೆ. ಅಳತೆ ಅದೇ ಇದ್ದು ಶಕ್ತಿ ಮೂರು ಪಟ್ಟು ಹೇಗಾಗುತ್ತದೆ? ಅಂಥದ್ದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡ. ಹೊಸದನ್ನು ಹಾಕಿದ ಮೇಲೆ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಮಾಹಿತಿ ತೆರೆದರೆ ಎಷ್ಟು ಶೇಕಡ ಉಳಿದಿದೆ ಎಂದು ಕಾಣುತ್ತದೆ, ಆಡುತ್ತ ಆಡುತ್ತ ಅದು ಹೇಗೆ ಇಳಿಯುತ್ತದೆ ಎಂದು ಎರಡು ದಿನ ಗಮನಿಸು. ಚಾರ್ಜಿಗೆ ಬೇಕಾದದ್ದು 5 ವೋಲ್ಟ್ ಮಾತ್ರ. ಯುಎಸ್‌ಬಿಯಿಂದ ಆ ದುಂಡು ಪಿನ್ನಿಗೆ ಬರುವ ಒಂದು ತಂತಿ ಇದ್ದರೆ ಪವರ್ ಬ್ಯಾಂಕಿನಿಂದಲೇ ಆಗುತ್ತದೆ. ನಿನ್ನೆ ಕರೆಂಟು ಹೋದಾಗಿನಿಂದ ನನ್ನದು ನಡೆಯುತ್ತಿರುವುದು ಹಾಗೆಯೇ.

ಇನ್ನು ಮಂಕು ಪರದೆಯ ಮಾತು. 4.3 ಇಂಚು, 480 ಬೈ 272 ಚುಕ್ಕೆ. ಮೊಬೈಲಿಗೆ ಹೋಲಿಸಿದರೆ ಕಡಿಮೆಯೇ, ನಿಜ. ಆದರೆ ಈ ದೂರು ಹೊಸದಲ್ಲ. 1989ರಲ್ಲಿ ಇಂಥದ್ದೇ ಕೈ ಯಂತ್ರವಾದ ಗೇಮ್ ಬಾಯ್ ಬಂದಾಗ ಅದಕ್ಕೆ ಬಣ್ಣವೇ ಇರಲಿಲ್ಲ, ಪರದೆಯ ಹಿಂದೆ ದೀಪವೂ ಇರಲಿಲ್ಲ. ಎದುರಾಳಿ ಗೇಮ್ ಗಿಯರ್‌ಗೆ ಎರಡೂ ಇದ್ದವು, ಆದರೆ ಅದು ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ತಿಂದು ಮುಗಿಸುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆ ದಾಟುತ್ತಿತ್ತು, ಗೆದ್ದದ್ದೂ ಅದೇ. ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬೆಳಕೂ ಬ್ಯಾಟರಿಯೂ ಒಂದೇ ಚೀಲದ ದುಡ್ಡು. ಪಿಎಸ್‌ಪಿ ಬ್ಯಾಟರಿಯಲ್ಲಿರುವಾಗ ಬೆಳಕಿಗೆ ಮೂರು ಹಂತಗಳಿವೆ, ನಾಲ್ಕನೆಯದು ಅಡಾಪ್ಟರ್ ಇದ್ದಾಗ ಮಾತ್ರ. ಮನೆಯೊಳಗೆ ಎರಡನೆಯ ಹಂತ ಸಾಕು. ರಾತ್ರಿ ದೀಪ ಆರಿಸಿದ ಮೇಲೆ ಮೊದಲನೆಯದೇ ಕಣ್ಣಿಗೆ ಹಿತ. ನೀನು ಆಡಿದ್ದು ಪರದೆಯ ಮೇಲೆ ಬಿಸಿಲು ಬೀಳುವಂತೆ ಕೂತು ಎಂದು ನನ್ನ ಊಹೆ. ಕಿಟಕಿಗೆ ಬೆನ್ನು ಹಾಕದೆ, ಗೋಡೆಯ ಕಡೆಯ ನೆರಳಿನಲ್ಲಿ ಕೂತು ಇನ್ನೊಮ್ಮೆ ನೋಡು.

ಈಗ ನನಗೆ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಬಲಬದಿಯಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಅದನ್ನು ಮೇಲಕ್ಕೆ ಒಮ್ಮೆ ತಳ್ಳಿ ಬಿಡು. ಹಸಿರು ದೀಪ ಮಿನುಗಿ ಆರುತ್ತದೆ, ಯಂತ್ರ ನಿದ್ದೆಗೆ ಜಾರುತ್ತದೆ. ಆಟ ಎಲ್ಲಿತ್ತೋ ಅಲ್ಲೇ ಇರುತ್ತದೆ. ಮತ್ತೆ ತಳ್ಳಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಬಹಳ ಜನ ಸ್ವಿಚ್ಚನ್ನು ಹಿಡಿದೇ ಇಟ್ಟು ಪೂರ್ತಿ ಆರಿಸಿಬಿಡುತ್ತಾರೆ, ಪ್ರತಿ ಸಲವೂ ಮೊದಲಿನಿಂದ ತೆರೆಯುವುದಕ್ಕೆ ಬೇಸತ್ತು ಮೂಲೆಗಿಡುತ್ತಾರೆ. ನೀನು ಮಾಡಿದ್ದೂ ಅದೇ ಎಂದು ನಿನ್ನ ಪತ್ರ ಓದಿದಾಗಲೇ ಅನಿಸಿತು.

ನಾನು ಕಾಫಿ ತೋಟದ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ ಕೆಲಸ ಹಂಚಿದ ಮೇಲೆ ಹತ್ತು ನಿಮಿಷ. ಹಣ್ಣಿನ ಕಾಲದಲ್ಲಿ ಚೀಲಗಳು ತೂಕಕ್ಕೆ ಬರುವ ತನಕ ಏಳೆಂಟು ನಿಮಿಷ. ನನ್ನ ಬಿಡುವು ಹೀಗೆ ಚೂರುಚೂರಾಗಿಯೇ ಬರುತ್ತದೆ. ಆ ಚೂರುಗಳಿಗೆ ಸರಿಯಾಗಿ ಹೊಂದುವ ಆಟದ ಯಂತ್ರವನ್ನು ನಾನು ಬೇರೆ ಕಂಡಿಲ್ಲ. ಮೊಬೈಲಿನಲ್ಲಿ ಆಡಲು ಕೂತರೆ ನಡುವೆ ಕರೆ, ಸಂದೇಶ, ಜಾಹೀರಾತು. ಪಿಎಸ್‌ಪಿ ನನ್ನನ್ನು ಏನೂ ಕೇಳುವುದಿಲ್ಲ.

ಹೋದ ವರ್ಷ ಅಪ್ಪನನ್ನು ನಿಮ್ಮ ಊರಿನ ಆಸ್ಪತ್ರೆಗೆ ಸೇರಿಸಿದ್ದೆವಲ್ಲ, ಒಂಬತ್ತು ರಾತ್ರಿ ಹೊರಗಿನ ಬೆಂಚಿನ ಮೇಲೆ ಕಳೆದೆ. ನೀನು ದಿನವೂ ಊಟ ತಂದುಕೊಟ್ಟು ಹೋದ ಮೇಲೆ ಚೀಲದಿಂದ ಇದನ್ನು ತೆಗೆಯುತ್ತಿದ್ದೆ. ಧ್ವನಿ ಪೂರ್ತಿ ಅಡಗಿಸಿ, ಬೆಳಕು ಮೊದಲ ಹಂತಕ್ಕಿಟ್ಟು ಆಡುತ್ತಿದ್ದೆ. ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಾಗಿಲು ತೆರೆದು ನರ್ಸ್ ಹೆಸರು ಹಿಡಿದು ಕರೆದರು. ಬೆರಳು ತಾನಾಗಿ ಸ್ವಿಚ್ ತಳ್ಳಿತು. ಒಳಗೆ ಹೋಗಿ, ಸಹಿ ಹಾಕಿ, ಔಷಧಿ ತಂದುಕೊಟ್ಟು, ಅಪ್ಪನ ಉಸಿರು ತಹಬಂದಿಗೆ ಬರುವ ತನಕ ಪಕ್ಕದಲ್ಲಿ ನಿಂತು ಹೊರಗೆ ಬರುವಾಗ ಬೆಳಕು ಹರಿದಿತ್ತು. ಬೆಂಚಿನ ಮೇಲೆ ಕೂತು ಸ್ವಿಚ್ ತಳ್ಳಿದೆ. ಹಳ್ಳದ ಮೇಲೆ ಹಾರಿದ್ದ ಪುಟ್ಟ ಆಕೃತಿ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದುಕೊಂಡು ಗಾಳಿಯಲ್ಲಿ ನಿಂತಿತ್ತು. ಅರೆಕ್ಷಣದಲ್ಲಿ ಆಚೆ ದಡಕ್ಕೆ ಇಳಿಯಿತು. ಆವತ್ತು ನಾನು ಅತ್ತೆ. ಯಾರಿಗೂ ಹೇಳಿರಲಿಲ್ಲ, ನಿನಗೆ ಈಗ ಹೇಳುತ್ತಿದ್ದೇನೆ.

ನಿದ್ದೆಯಲ್ಲೂ ಬ್ಯಾಟರಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ ಎನ್ನುವುದು ನೆನಪಿರಲಿ. ಅವಕಾಶ ಸಿಕ್ಕಾಗ ಆಟವನ್ನು ಸೇವ್ ಮಾಡು. ಚೀಲಕ್ಕೆ ಹಾಕುವಾಗ ನಿದ್ದೆ ಮಾಡಿಸಿಯೇ ಹಾಕು. ಅದೇ ಸ್ವಿಚ್ಚನ್ನು ಕೆಳಕ್ಕೆ ತಳ್ಳಿದರೆ ಗುಂಡಿಗಳಿಗೆ ಬೀಗ ಬೀಳುತ್ತದೆ. ಜೇಬಿನಲ್ಲಿಟ್ಟು ಹಾಡು ಕೇಳುವಾಗ ಅದು ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲಿನಲ್ಲಿ ಇದನ್ನೊಮ್ಮೆ ಒಯ್ದು ನೋಡು. ಆ ಘಾಟಿಯಲ್ಲಿ 57 ಸುರಂಗಗಳು. ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಸುರಂಗ ಬಂದಾಗ ಆಡು, ಸುರಂಗ ಮುಗಿದು ಕಣಿವೆ ತೆರೆದಾಗ ಸ್ವಿಚ್ ತಳ್ಳಿ ಕಿಟಕಿಯ ಹೊರಗೆ ನೋಡು. ನಾನು ಕುಕ್ಕೆಗೆ ಹೋಗುವಾಗ ಹಾಗೆಯೇ ಮಾಡುವುದು.

ತೇವದ ವಿಷಯ ಹಾಸನದಲ್ಲಿರುವ ನಿನಗೆ ನಮ್ಮಷ್ಟು ಕಷ್ಟವಲ್ಲ. ಇಲ್ಲಿ ಜೂನ್ ಬಂತೆಂದರೆ ಬೆಲ್ಟು, ಚಪ್ಪಲಿ, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು. ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜವನ್ನು, ತೇವಾಂಶ ಶೇಕಡ 10ಕ್ಕೆ ಇಳಿಯುವ ತನಕ ಒಣಗಿಸಿ ಜೋಪಾನ ಮಾಡುವ ನಾವು ಮನೆಯೊಳಗಿನ ಯಂತ್ರವನ್ನು ಮರೆಯುತ್ತೇವೆ. ನನ್ನದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತದೆ. ಒಣಗಲಿ ಎಂದು ಬಚ್ಚಲೊಲೆಯ ಹತ್ತಿರ ಮಾತ್ರ ಇಡಬೇಡ. ಬ್ಯಾಟರಿಗೆ ತೇವಕ್ಕಿಂತ ಬಿಸಿ ಕೆಟ್ಟದ್ದು. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಎಂದಾದರೆ ಅರ್ಧ ಚಾರ್ಜ್ ಉಳಿಸಿ, ಬ್ಯಾಟರಿ ಬೇರೆ ಮಾಡಿ ಇಡು.

ಎಡಗಡೆಯ ಪುಟ್ಟ ತಿರುಗುಗುಂಡಿ ತಾನಾಗಿ ಒಂದು ಕಡೆಗೆ ಎಳೆಯುತ್ತಿದೆ ಎಂದಿದ್ದೀಯ. ಅದರ ಕೆಳಗೆ ವಿದ್ಯುತ್ ಹರಿಯುವ ಸಣ್ಣ ರಬ್ಬರ್ ತುಂಡೊಂದಿದೆ, ಅದು ಕೂರುವ ಜಾಗಕ್ಕೆ ಕಿಲುಬು ಹಿಡಿದರೆ ಹೀಗಾಗುತ್ತದೆ. ಮುಂದಿನ ಕವಚ ಬಿಚ್ಚಿ, ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಆ ಲೋಹದ ಪಟ್ಟಿಗಳನ್ನು ಹಗುರವಾಗಿ ಉಜ್ಜಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಿಚ್ಚುವುದು ನಿನಗೆ ಧೈರ್ಯವಿಲ್ಲದಿದ್ದರೆ ನನಗೆ ಬಿಡು. ಡಿಸ್ಕುಗಳನ್ನೂ ನೋಡಿಕೊ. ಪಿಎಸ್‌ಪಿಯ ಪುಟ್ಟ ಆಟದ ಡಿಸ್ಕಾದ ಯುಎಂಡಿಯ ಪಾರದರ್ಶಕ ಕವಚ ಅಂಟು ಬಿಟ್ಟು ಎರಡಾಗುವುದು ಸಾಮಾನ್ಯ, ಒಳಗಿನ ತಟ್ಟೆಗೆ ತಾಗದಂತೆ ಅಂಚಿಗೆ ಮಾತ್ರ ಅಂಟು ಹಚ್ಚಿದರೆ ಮತ್ತೆ ಓಡುತ್ತದೆ. ಪಿಎಸ್‌ಪಿಯಲ್ಲೇ ಆಟ ಕೊಳ್ಳುವ ಆನ್‌ಲೈನ್ ಅಂಗಡಿ ಮುಚ್ಚಿಹೋಗಿದೆ. ಈಗ ಕೈಯಲ್ಲಿರುವ ಡಿಸ್ಕೇ ಆಸ್ತಿ.

ಇನ್ನೊಂದು ಕೆಲಸ. ಅಣ್ಣನ ಮೆಮೊರಿ ಸ್ಟಿಕ್ ಅದರಲ್ಲೇ ಇದ್ದರೆ ಏನನ್ನೂ ಅಳಿಸುವ ಮೊದಲು ಕಂಪ್ಯೂಟರಿಗೆ ಜೋಡಿಸು. ಪಿಎಸ್‌ಪಿ ಎಂಬ ಫೋಲ್ಡರಿನೊಳಗೆ ಸೇವ್‌ಡೇಟಾ ಎಂದಿರುತ್ತದೆ. ಅದನ್ನು ಹಾಗೆಯೇ ನಕಲು ಮಾಡಿಟ್ಟುಕೊ. ಅವನು ದುಬೈಗೆ ಹೋಗುವ ಮೊದಲು ಎಲ್ಲಿಗೆ ನಿಲ್ಲಿಸಿದ್ದನೋ ಅದೆಲ್ಲವೂ ಅದರಲ್ಲಿದೆ. ಮುಂದಿನ ಸಲ ಅವನು ಊರಿಗೆ ಬಂದಾಗ ಕೈಗೆ ಕೊಡು, ಮುಖ ನೋಡು.

ಕೊನೆಯದಾಗಿ, ಎರಡು ಪಿಎಸ್‌ಪಿಗಳು ಹತ್ತಿರವಿದ್ದರೆ ಇಂಟರ್ನೆಟ್ ಬೇಡ, ಒಂದರ ಜೊತೆ ಒಂದು ನೇರವಾಗಿ ಮಾತಾಡುತ್ತವೆ. ಕೆಲವು ಆಟಗಳಲ್ಲಿ ಡಿಸ್ಕ್ ಒಂದೇ ಇದ್ದರೂ ಇಬ್ಬರು ಆಡಬಹುದು. ಅಂಥ ಒಂದು ಡಿಸ್ಕ್ ನನ್ನ ಹತ್ತಿರ ಇದೆ, ಇಷ್ಟು ವರ್ಷ ಎದುರಿಗೆ ಕೂತು ಆಡುವವರು ಇರಲಿಲ್ಲ. ಬರುವ ಭಾನುವಾರ ನಾನು ಚಿಕ್ಕಮಗಳೂರಿನಿಂದ ಬೇಲೂರಿನ ಬಸ್ ಹಿಡಿಯುತ್ತೇನೆ, ನೀನು ಹಾಸನದಿಂದ ಬಾ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಹತ್ತು ಗಂಟೆಗೆ ಕಾಯುತ್ತಿರುತ್ತೇನೆ, ಸಣ್ಣ ಸ್ಕ್ರೂಡ್ರೈವರೂ ರಬ್ಬರೂ ನನ್ನ ಚೀಲದಲ್ಲಿ ಇರುತ್ತವೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಅಡ್‌ಹಾಕ್ ಚಾನೆಲ್, ಅಂದರೆ ಎರಡು ಯಂತ್ರ ನೇರವಾಗಿ ಮಾತಾಡುವ ಚಾನೆಲ್ ಅನ್ನು 1ಕ್ಕೆ ಇಟ್ಟುಕೊಂಡು ಬಾ, ನನ್ನದೂ ಅದರಲ್ಲೇ ಇದೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಬಸ್ಸಿನಲ್ಲಿ ತರಬೇಡ, ಬರೀ ಯಂತ್ರ ತಾ. ನನ್ನ ಹತ್ತಿರ ತೆಳು ಬ್ಯಾಟರಿ ಇನ್ನೊಂದಿದೆ.

ಅಪ್ಪ ಹುಷಾರಾಗಿದ್ದಾರೆ, ನಿನ್ನನ್ನು ಕೇಳಿದರು.

ನಿನ್ನ ಗೆಳೆಯ