ಅಂಗ್ಕೋರ್ ವಾಟ್‌ನ ಆ ತಾಯಿಗೆ

ಏಪ್ರಿಲ್‌ನ ಆ ಉರಿಬಿಸಿಲಲ್ಲಿ ನನ್ನ ಅಮ್ಮನ ಪಕ್ಕ ಕೂತ ನಿಮಗೆ ಈ ಮಾತು. ಹೆಸರು ಕೇಳದೇ ಬಂದುಬಿಟ್ಟೆ, ಆ ಕೊರಗು ಇನ್ನೂ ಹೋಗಿಲ್ಲ.

12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮನ್ ಕಂಬೋಡಿಯಾದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ಈ ಗುಡಿಯನ್ನು ಒಮ್ಮೆ ನೋಡಬೇಕು ಅನ್ನುವುದು ಅಮ್ಮನ ಬಹಳ ದಿನದ ಆಸೆ. ಆದರೆ ತುತ್ತತುದಿಯ ಅಂತಸ್ತು ಬಾಕಾನ್‌ಗೆ ಹತ್ತುವ ಮೆಟ್ಟಿಲು ತೀರಾ ಕಡಿದು, ಅವರಿಗೋ ಮಂಡಿನೋವು. ‘ನೀವು ಹೋಗಿಬನ್ನಿ, ನಾನು ಇಲ್ಲೇ ಸಮುದ್ರಮಥನದ ಕೆತ್ತನೆ ನೋಡ್ತಿರ್ತೀನಿ’ ಅಂದರು. ನಾವು ಹೋದೆವು. ಒಬ್ಬರಾದರೂ ಉಳಿಯಬೇಕಿತ್ತು.

ಇಳಿದು ಬಂದಾಗ ಅಮ್ಮ ಕಂಬಕ್ಕೆ ಒರಗಿ ಕೂತಿದ್ದರು. ತಲೆಸುತ್ತು ಬಂದಿತ್ತಂತೆ. ನಿಮ್ಮ ಕೆಂಪು ಚೌಕಳಿಯ ಕ್ರಮಾ ವಸ್ತ್ರ ನೀರಲ್ಲಿ ನೆನೆದು ಅವರ ನೆತ್ತಿಯ ಮೇಲಿತ್ತು. ಪೊರಕೆ ಪಕ್ಕಕ್ಕಿಟ್ಟು, ನೀವು ತಲೆಯ ಟೋಪಿ ತೆಗೆದು ಗಾಳಿ ಹಾಕುತ್ತಿದ್ದಿರಿ.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಸುಮಾರು 49 ಮೀಟರ್ ಉದ್ದದ ಆ ಕೆತ್ತನೆಯ ನಡುವೆ, ಮಂದರ ಪರ್ವತದ ಅಡಿಯ ಆಮೆಯನ್ನು ನೀವು ತೋರಿಸಿದಿರಂತೆ, ಅಮ್ಮ ‘ಕೂರ್ಮ’ ಅಂದರಂತೆ. ದೇವತೆಗಳೂ ಅಸುರರೂ ಜಗ್ಗುವ ಹಾವನ್ನು ತೋರಿಸಿ ‘ವಾಸುಕಿ’ ಅಂದಾಗ ನೀವು ನಕ್ಕು ತಲೆಯಾಡಿಸಿದಿರಂತೆ. ಕಂಬೋಡಿಯಾ ಅಂದರೆ ಅಮ್ಮ ಈಗ ಹೇಳುವುದು ಇದೊಂದನ್ನೇ, ನಾವು ಹತ್ತಿ ನೋಡಿದ ಗೋಪುರಗಳ ಸುದ್ದಿಯೇ ಇಲ್ಲ.

ದುಡ್ಡು ಕೊಡಲು ಬಂದರೆ ನೀವು ಎರಡೂ ಕೈ ಜೋಡಿಸಿ ಬೇಡ ಅಂದಿರಿ, ಥೇಟ್ ನಮ್ಮ ನಮಸ್ಕಾರದ ಹಾಗೆ. ಕ್ರಮಾ ಕೂಡ ವಾಪಸ್ ತಗೊಳ್ಳಲಿಲ್ಲ. ಅದು ಅಮ್ಮನ ದಿಂಬಿನ ಪಕ್ಕ, ಮಡಿಸಿಟ್ಟ ಹಾಗೇ ಇದೆ.

ಧನ್ಯವಾದ ಹೇಳಲು ನಿಮ್ಮ ಭಾಷೆಯಲ್ಲಿ ಕಲಿತ ಒಂದೇ ಮಾತು: ಅರ್ಕುನ್, ತಾಯೀ.