‘ಶೇ 90 ಪ್ಲೇಸ್‌ಮೆಂಟ್’ ಹೇಗೆ ಹುಟ್ಟುತ್ತದೆ?

ಮಾನ್ಯರೇ,

ವಿಶ್ವವಿದ್ಯಾಲಯಗಳ ಪ್ರವೇಶ ಜಾಹೀರಾತುಗಳಲ್ಲಿ ‘ಶೇ 90 ಪ್ಲೇಸ್‌ಮೆಂಟ್’ ಎಂಬ ಸಾಲು ಎದ್ದು ಕಾಣುತ್ತದೆ. ಪದವೀಧರರ ಸಮೀಕ್ಷೆ ನಡೆಸುವ ನಾವು ಈ ಅಂಕಿ ಹುಟ್ಟುವ ಬಗೆಯನ್ನು ಓದುಗರ ಮುಂದಿಡಬಯಸುತ್ತೇವೆ.

ಒಂದು ವರ್ಷ 400 ಮಂದಿ ಪದವಿ ಪಡೆದರು, ಸಮೀಕ್ಷೆಗೆ ಉತ್ತರಿಸಿದವರು 120, ಅವರಲ್ಲಿ ಕೆಲಸವಿರುವವರು 108 ಎಂದಿಟ್ಟುಕೊಳ್ಳಿ. 108ನ್ನು 120ರಿಂದ ಭಾಗಿಸಿದರೆ ಶೇ 90 ಬರುತ್ತದೆ. ಉಳಿದ 280 ಮಂದಿ ಏನು ಮಾಡುತ್ತಿದ್ದಾರೆ? ಗೊತ್ತಿಲ್ಲ. ಅವರೆಲ್ಲರಿಗೂ ಕೆಲಸವಿದ್ದರೆ ನಿಜವಾದ ಪ್ರಮಾಣ ಶೇ 97. ಒಬ್ಬರಿಗೂ ಇಲ್ಲದಿದ್ದರೆ ಶೇ 27. ಒಳ್ಳೆಯ ಕೆಲಸ ಸಿಕ್ಕವರು ಸಂತೋಷದಿಂದ ಉತ್ತರಿಸುತ್ತಾರೆ, ಇನ್ನೂ ಹುಡುಕುತ್ತಿರುವವರು ಸುಮ್ಮನಾಗಿಬಿಡುತ್ತಾರೆ. ಹಾಗಾಗಿ ಅಂಕಿ ಸಾಮಾನ್ಯವಾಗಿ ಮೇಲಕ್ಕೇ ವಾಲುತ್ತದೆ.

ಕೇಳುವ ಸಮಯವೂ ತೊಡಕಿನದೇ. ಬ್ರಿಟನ್ನಿನಲ್ಲಿ ಮೊದಲು ಪದವಿ ಮುಗಿದ ಸುಮಾರು 6 ತಿಂಗಳಿಗೆ ಸಮೀಕ್ಷೆ ನಡೆಯುತ್ತಿತ್ತು. 2017–18ರಲ್ಲಿ ಓದು ಮುಗಿಸಿದವರಿಂದ ಅದನ್ನು ಸುಮಾರು 15 ತಿಂಗಳಿಗೆ ಮುಂದೂಡಲಾಯಿತು. ಕೆಲಸವಷ್ಟೇ ಅಲ್ಲ, ಪದವೀಧರರಿಂದ ಸಮುದಾಯಕ್ಕೆ ಸಲ್ಲುವ ಕೊಡುಗೆಯನ್ನೂ ಅರಿಯಬೇಕೆಂದರೆ ಅದೂ ಸಾಲದು. ಕೆನ್ಯಾದ ವಂಗಾರಿ ಮಾಥಾಯ್ ಜೀವಶಾಸ್ತ್ರದಲ್ಲಿ ಮೊದಲ ಪದವಿ ಪಡೆದದ್ದು 1964ರಲ್ಲಿ, ಮರ ನೆಡುವ ಗ್ರೀನ್ ಬೆಲ್ಟ್ ಚಳವಳಿ ಆರಂಭಿಸಿದ್ದು 1977ರಲ್ಲಿ. ಮೊದಲ ವರ್ಷವೇ ಲೆಕ್ಕ ಮುಗಿಸುವ ಯಾವ ಸಮೀಕ್ಷೆಗೂ ಅದು ಸಿಗುತ್ತಿರಲಿಲ್ಲ. ಒಂದು, ಐದು ಮತ್ತು ಹತ್ತನೇ ವರ್ಷ ಅದೇ ಪದವೀಧರರನ್ನು ಮತ್ತೆ ಕೇಳಬೇಕು.

ಇದು ಸಾಧ್ಯವಾಗಬೇಕಾದರೆ ವಿಳಾಸ ಕೈತಪ್ಪಬಾರದು. ಹೆಚ್ಚಿನ ಕಡೆ ಎಡವುವುದು ಇಲ್ಲೇ. ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ಓದು ಮುಗಿದ ಮೇಲೆ ಮುಚ್ಚಿಹೋಗುತ್ತದೆ, ಇಲ್ಲವೇ ಯಾರೂ ತೆರೆಯುವುದಿಲ್ಲ. ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗಲೇ ಸ್ವಂತ ಇಮೇಲ್ ಮತ್ತು ಎರಡು ಫೋನ್ ಸಂಖ್ಯೆಗಳನ್ನು ಪಡೆದು, ಯಾವ ಉದ್ದೇಶಕ್ಕೆಂದು ತಿಳಿಸಿ, ಲಿಖಿತ ಒಪ್ಪಿಗೆ ತೆಗೆದುಕೊಳ್ಳಬೇಕು. ಎರಡು ನೆನಪೋಲೆಗಳಿಗೂ ಉತ್ತರ ಬಾರದಿದ್ದರೆ 280 ಮಂದಿಗೂ ಮೂರನೆಯದನ್ನು ಕಳಿಸುವುದು ವ್ಯರ್ಥ. ಅವರಲ್ಲಿ 40 ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ, ಬೇರೆ ಬೇರೆ ಹೊತ್ತಿನಲ್ಲಿ ಫೋನ್ ಮಾಡಿ, ಆದಷ್ಟೂ ಎಲ್ಲರನ್ನೂ ಮಾತಾಡಿಸಬೇಕು. ಉತ್ತರಿಸದವರ ಸ್ಥಿತಿ ಉತ್ತರಿಸಿದವರಿಗಿಂತ ಎಷ್ಟು ಬೇರೆ ಎಂಬ ಅಂದಾಜು ಆಗ ಸಿಗುತ್ತದೆ.

ಪ್ರಶ್ನೆಗಳನ್ನೂ ತಿದ್ದಬೇಕು. ‘ಉದ್ಯೋಗದಲ್ಲಿದ್ದೀರಾ? ಹೌದು/ಇಲ್ಲ’ ಎಂದರೆ, ಬೆಳಿಗ್ಗೆ ಪಾಠ ಹೇಳಿ ಸಂಜೆ ಅನುವಾದ ಮಾಡುವವರು ಯಾವುದಕ್ಕೆ ಗುರುತು ಹಾಕಬೇಕು? ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಿರುವವರು? ಅನ್ವಯಿಸುವ ಎಲ್ಲಕ್ಕೂ ಗುರುತು ಹಾಕಿಸಿ, ಬಳಿಕ ಮುಖ್ಯವಾದುದನ್ನು ಆರಿಸಲು ಹೇಳಬೇಕು. ಹುದ್ದೆಯ ಹೆಸರೊಂದನ್ನೇ ನಂಬಬಾರದು. ‘ಮ್ಯಾನೇಜರ್’ ಎಂದರೆ ಏನೂ ತಿಳಿಯುವುದಿಲ್ಲ, ದಿನವೂ ಮಾಡುವ ಕೆಲಸವನ್ನು ಎರಡು ಸಾಲಿನಲ್ಲಿ ಬರೆಸಬೇಕು.

‘ಸಮಾಜಸೇವೆ ಮಾಡುತ್ತೀರಾ?’ ಎಂದು ಕೇಳಿದರೆ ಬಹುತೇಕರು ಹೌದೆನ್ನುತ್ತಾರೆ. ಕಳೆದ 12 ತಿಂಗಳಲ್ಲಿ ಯಾರಿಗಾಗಿ, ಯಾವ ಹೊಣೆ ಹೊತ್ತು, ತಿಂಗಳಿಗೆ ಎಷ್ಟು ಗಂಟೆ ದುಡಿದಿರಿ ಎಂದು ಕೇಳಿದರೆ ಉತ್ತರಕ್ಕೆ ಬೆಲೆ ಬರುತ್ತದೆ. ಸಂಬಳದ ಕೆಲಸವನ್ನು ಇಲ್ಲಿ ಬಿಡುವುದೂ ತಪ್ಪು. ಕುಡಿಯುವ ನೀರಿನ ಗುಣಮಟ್ಟ ಪರೀಕ್ಷಿಸುವ ರಸಾಯನಶಾಸ್ತ್ರ ಪದವೀಧರೆಯ ಕೊಡುಗೆ ಅವಳ ಉದ್ಯೋಗದಲ್ಲೇ ಇದೆ.

ವೇತನ ಪ್ರಕಟಿಸುವುದಾದರೆ ಸರಾಸರಿಯ ಬದಲು ಮಧ್ಯಾಂಕ (ಸಂಬಳಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು) ಕೊಡಲಿ; ಭಾರಿ ಸಂಬಳದ ಇಬ್ಬರು ಸಾಕು, ಸರಾಸರಿ ಏರಿಬಿಡುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿಯ ವಿಭಾಗದ ವಿವರ ಬೇಡ, ಯಾರು ಯಾರೆಂದು ಗುರುತು ಸಿಕ್ಕಿಬಿಡುತ್ತದೆ.

ತಮ್ಮ ಪತ್ರಿಕೆಯಲ್ಲಿ ನಮ್ಮ ಕೋರಿಕೆ ಇಷ್ಟೆ: ಇಂಥ ಶೇಕಡಾವಾರು ಸುದ್ದಿಯಾಗಿ ಬಂದಾಗ ಪದವಿ ಪಡೆದವರೆಷ್ಟು, ಉತ್ತರಿಸಿದವರೆಷ್ಟು, ಎಷ್ಟು ತಿಂಗಳ ಬಳಿಕ ಕೇಳಿದ್ದು ಎಂಬುದನ್ನೂ ಪಕ್ಕದಲ್ಲೇ ಮುದ್ರಿಸಿ. ಸಂಸ್ಥೆ ಕೊಡಲು ನಿರಾಕರಿಸಿದರೆ ಅದನ್ನೂ ಬರೆಯಿರಿ.

ಇಂತಿ,
ಪದವೀಧರರ ಸಮೀಕ್ಷೆಯಲ್ಲಿ ತೊಡಗಿರುವ ಓದುಗರು